ಹಬ್ಬದ ಸಂತೆಯಲ್ಲಿ ಕೈಕೆಲಸದ ಉಡುಗೊರೆ ಆರಿಸುವಾಗ

ದಸರಾ ಬಂತು ಅಂದರೆ ನಮ್ಮ ಕೊಡಗಿನಲ್ಲಿ ನೆಂಟರು ಬಂದು ಹೋಗುವ ಕಾಲ ಬಂತು ಅಂತಲೇ ಲೆಕ್ಕ. ಅದರ ಹಿಂದೆ ಮುಂದೆಯೇ ತುಲಾ ಸಂಕ್ರಮಣ, ಆಮೇಲೆ ನಮ್ಮ ಸುಗ್ಗಿ ಹಬ್ಬ ಹುತ್ತರಿ, ಕೊನೆಗೆ ಕ್ರಿಸ್‌ಮಸ್ ರಜೆ. ಬಂದವರನ್ನು ಬರಿಗೈಲಿ ಕಳಿಸೋಕಾಗಲ್ಲ ಅಲ್ವಾ? ಆದರೆ ಪ್ರವಾಸಿಗರ ದಾರಿಯಲ್ಲಿ ಸಾಲಾಗಿ ನಿಂತಿರುವ ಅಂಗಡಿಗಳಲ್ಲಿ ಕೊಡಗಿನ ಹೆಸರು ಬರೆದ ಕೀಚೈನು, ಕಪ್ಪು ಕೊಂಡು ಕೊಡಬೇಡಿ. ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಗೋ, ಗೋಣಿಕೊಪ್ಪದ ಭಾನುವಾರದ ಸಂತೆಗೋ, ಸೋಮವಾರಪೇಟೆಯ ಸೋಮವಾರದ ಸಂತೆಗೋ ಹೋಗಿ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಸಾಮಾನು ಮುಗಿದಿರುತ್ತದೆ, ಮಾರುವವರಿಗೆ ಮಾತಾಡೋಕೂ ಪುರುಸೊತ್ತಿರಲ್ಲ.

ಮಾತಾಡೋದು ಮುಖ್ಯ. ‘ಇದನ್ನು ಯಾರು ಮಾಡಿದ್ದು?’ ಅಂತ ಮೊದಲು ಕೇಳಿ. ಕೈಯಾರೆ ಮಾಡಿದವರಾದರೆ ಬಿದಿರು ಎಲ್ಲಿಂದ ತಂದರು, ಎಷ್ಟು ಹೊತ್ತು ಹಿಡಿಯಿತು ಎಲ್ಲ ಹೇಳುತ್ತಾರೆ. ಬರೀ ಮಾರಲು ತಂದವರಾದರೆ ನೇರ ಬೆಲೆಗೆ ಬರುತ್ತಾರೆ.

ನಮ್ಮ ಕಡೆ ಕೊಡೋಕೆ ಯೋಗ್ಯವಾದ ವಸ್ತು ಅಂದರೆ ನನ್ನ ಮಟ್ಟಿಗೆ ಮೊದಲು ಬಿದಿರಿನದು. ಹುತ್ತರಿ ಹತ್ತಿರವಾದಂತೆ ಭತ್ತದ ಕೊಯ್ಲಿನ ಕಾಲ, ಮೊರ, ಬುಟ್ಟಿ, ಕುಕ್ಕೆ ಜಾಸ್ತಿ ಬೇಕಾಗುತ್ತವೆ. ಆರಿಸುವಾಗ ಮೊರವನ್ನು ಬೆಳಕಿಗೆ ಎತ್ತಿ ಹಿಡಿಯಿರಿ. ಹೆಣಿಗೆ ಸಮವಾಗಿದ್ದರೆ ಬೆಳಕು ಒಂದೇ ಸಮನೆ ಸಣ್ಣಗೆ ತೂರಿ ಬರುತ್ತದೆ, ಒಂದು ಕಡೆ ದೊಡ್ಡ ಕಿಂಡಿ ಕಂಡರೆ ಕೆಳಗಿಡಿ. ಆಮೇಲೆ ಅಂಚಿನ ಸುತ್ತ ಬೆರಳು ಆಡಿಸಿ. ಅಂಚು ಬಿಗಿಯಾಗಿ ಕಟ್ಟಿರಬೇಕು, ಸಿಬಿರು ಚುಚ್ಚಬಾರದು. ಬುಟ್ಟಿಯನ್ನು ಮಗುಚಿ ಅಂಗೈಗೆ ಎರಡು ಸಲ ತಟ್ಟಿ. ನುಣ್ಣನೆ ಹಳದಿ ಪುಡಿ ಉದುರಿದರೆ ಒಳಗೆ ಹುಳ ಹೊಡೆದಿದೆ, ಎಷ್ಟು ಚೆಂದ ಇದ್ದರೂ ಬೇಡ. ಹಸಿರು ಬಣ್ಣ ಇನ್ನೂ ಹೋಗದ ಹಸಿ ಬಿದಿರಿನ ಬುಟ್ಟಿಯೂ ಬೇಡ. ಒಣಗಿದ ಮೇಲೆ ಸೀಳು ಕುಗ್ಗಿ ಹೆಣಿಗೆ ಸಡಿಲವಾಗುತ್ತದೆ.

ಮನೆಗೆ ತಂದ ಮೇಲೆ ಒಂದು ಸಲ ತೊಳೆದು ಒಳ್ಳೆ ಬಿಸಿಲಿಗೆ ಒಣಗಿಸಿ. ಸೌದೆ ಒಲೆ ಇದ್ದರೆ ಕೆಲವು ದಿನ ಅದರ ಮೇಲೆ ತೂಗುಹಾಕಿ, ಹೊಗೆ ಹಿಡಿದ ಬಿದಿರಿಗೆ ಹುಳದ ಕಾಟ ಕಡಿಮೆ. ಮೊರ ಆದರೆ ಹಳೆಯ ಕಾಗದವನ್ನು ನೆನೆಸಿ, ಮೆಂತ್ಯದ ಜೊತೆ ಅರೆದು, ತೆಳುವಾಗಿ ಬಳಿದು ಒಣಗಿಸಿ. ಸಣ್ಣ ಕಿಂಡಿಗಳು ಮುಚ್ಚಿ ರವೆ ಕೂಡ ಸೋರಲ್ಲ. ಮಳೆಗಾಲದಲ್ಲಿ ಬೂಸ್ಟು ಬಂದರೆ ಹೆದರಬೇಡಿ, ಒಣಬಟ್ಟೆಯಲ್ಲಿ ಒರೆಸಿ ಬಿಸಿಲು ಕಂಡ ದಿನ ಹೊರಗಿಡಿ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಉಡುಗೊರೆಯ ಜೊತೆ ಇಡಿ. ಬೆಂಗಳೂರಿನ ಫ್ಲ್ಯಾಟಿನವರಿಗೆ ಮೊರಕ್ಕಿಂತ ಈರುಳ್ಳಿ, ಬೆಳ್ಳುಳ್ಳಿ ಇಡುವಂಥ ಗಟ್ಟಿ ಬುಟ್ಟಿ ಒಳ್ಳೆಯದು. ಮೊರ ಗೋಡೆಗೆ ಅಲಂಕಾರವಾಗಿ ನೇತಾಡುವುದು ನನಗೆ ಇಷ್ಟವಿಲ್ಲ.

ಬೆಲೆಯ ವಿಷಯದಲ್ಲಿ ಒಂದು ಮಾತು. ಬಿದಿರು ಕಡಿದು, ಸೀಳಿ, ಹೆರೆದು, ನಯ ಮಾಡಿ, ಹೆಣೆದು, ಹೊತ್ತುಕೊಂಡು ಬಂದಿರುತ್ತಾರೆ. ನಾಲ್ಕೈದು ಒಟ್ಟಿಗೆ ಕೊಂಡರೆ ‘ಸ್ವಲ್ಪ ನೋಡಿ ಹೇಳಿ’ ಅಂತ ಒಂದು ಸಲ ಕೇಳಿ, ಅಷ್ಟೇ. ಹತ್ತು ರೂಪಾಯಿಗೆ ಎಳೆದಾಡಬೇಡಿ. ಬೆಳಿಗ್ಗೆ ಬೋಣಿಯ ಹೊತ್ತಲ್ಲಂತೂ ಚೌಕಾಸಿ ಮಾಡಲೇಬೇಡಿ. ಚಿಲ್ಲರೆ, ಬಟ್ಟೆ ಚೀಲ ನೀವೇ ಒಯ್ಯಿರಿ.

ದಸರಾ ಹೊತ್ತಿನ ಮಳಿಗೆಗಳಲ್ಲಿ ಚನ್ನಪಟ್ಟಣದ ಗೊಂಬೆ ಸಿಕ್ಕರೆ ಮಕ್ಕಳಿರುವ ಮನೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಅದು ಹಾಲೆ ಮರದ್ದು. ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ ಹಿಡಿದು ಹಚ್ಚುತ್ತಾರೆ, ಆದ್ದರಿಂದ ಬ್ರಷ್ಷಿನ ಗೆರೆ ಇರಲ್ಲ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಬಿಡಬಾರದು. ನೀರಲ್ಲಿ ನೆನೆಸಬೇಡಿ, ಸುಡು ಬಿಸಿಲಲ್ಲಿ ಇಡಬೇಡಿ.

ಕುಶಾಲನಗರ ದಾಟಿ, ಕಾವೇರಿ ದಾಟಿ ಬೈಲಕುಪ್ಪೆಗೆ ಹೋದರೆ ಟಿಬೆಟಿನವರ ಉಣ್ಣೆಯ ಕಾರ್ಪೆಟ್ ಸಿಗುತ್ತದೆ. ಅದು ಮೈಸೂರು ಜಿಲ್ಲೆಗೆ ಸೇರಿದ ಜಾಗವಾದರೂ ನಮಗೆ ಪಕ್ಕದ ಮನೆಯೇ. ಕಾರ್ಪೆಟ್ಟನ್ನು ಮಗುಚಿ ನೋಡಿ. ಕೈಯಲ್ಲಿ ಗಂಟು ಹಾಕಿದ್ದರೆ ಹಿಂಬದಿಯಲ್ಲೂ ಅದೇ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಬಟ್ಟೆ ಅಂಟಿಸಿ ಮುಚ್ಚಿದ್ದರೆ ಅದು ಗಂಟಿನ ಕೆಲಸವಲ್ಲ.

ತಿನ್ನುವ ಉಡುಗೊರೆಯಲ್ಲಿ ಕಾಚಂಪುಳಿಗೆ, ಅಂದರೆ ಅಡುಗೆಗೆ ಹಾಕುವ ನಮ್ಮ ಕಡೆಯ ಕಪ್ಪು ಹುಳಿಗೆ, ಸಮ ಯಾವುದೂ ಇಲ್ಲ. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಇಳಿಸುವ ಕೆಲಸ ಸುಮ್ನೆ ಆಗುವಂಥದ್ದಲ್ಲ. ಬಾಟಲಿ ಓರೆ ಮಾಡಿ ನೋಡಿ, ನೀರಿನ ಹಾಗೆ ಓಡಿದರೆ ಬೇಡ. ಗಾಜಿನ ಬಾಟಲಿಯಲ್ಲೇ ಇರಬೇಕು. ಪಡೆಯುವವರಿಗೆ ಇದು ಹೊಸದಾದರೆ ಕೆಲವೇ ಹನಿ ಸಾಕು ಅಂತ ಹೇಳಿ ಕೊಡಿ. ಜೇನುತುಪ್ಪ ಚಳಿಗೆ ಕೆಳಗೆ ಗಟ್ಟಿಯಾದರೆ ಸಕ್ಕರೆ ಬೆರೆಸಿದ್ದಾರೆ ಅಂತ ಅನುಮಾನ ಬೇಡ, ಬಿಸಿನೀರಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಕಾಫಿಪುಡಿಯನ್ನು ತಣ್ಣೀರಿನ ಲೋಟಕ್ಕೆ ಒಂದು ಚಿಟಿಕೆ ಹಾಕಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಬಣ್ಣ ಬಿಡುತ್ತಾ ಬೇಗ ಮುಳುಗುತ್ತದೆ. ಕರಿಮೆಣಸಿನಲ್ಲಿ ತೇಲುವುದು ಜೊಳ್ಳು.

ವಿಮಾನದಲ್ಲಿ ಹೋಗುವವರಿಗೆ ಕಾಚಂಪುಳಿ, ಜೇನು, ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಸಣ್ಣ ಕತ್ತಿ) ಏನೇ ಕೊಟ್ಟರೂ ಕೈಚೀಲದಲ್ಲಿ ಇಡಬೇಡಿ, ದೊಡ್ಡ ಪೆಟ್ಟಿಗೆಗೇ ಹಾಕಿ ಅಂತ ಮರೆಯದೆ ಹೇಳಿ. ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಹಳೆ ಪಂಚೆಯ ತುಂಡಿನಲ್ಲಿ ಕಟ್ಟಿದರೆ ಸೋರಿದರೂ ಬಟ್ಟೆಬರೆ ಉಳಿಯುತ್ತದೆ.

ಮದುವೆಗೋ ಗೃಹಪ್ರವೇಶಕ್ಕೋ ಒಂದೇ ಅಳತೆಯ ಬುಟ್ಟಿ ಜಾಸ್ತಿ ಬೇಕಿದ್ದರೆ ತಿಂಗಳ ಮೊದಲೇ ಸಂತೆಯಲ್ಲಿ ಹೇಳಿಡಿ. ಅಗಲ ಎಷ್ಟು, ಎತ್ತರ ಎಷ್ಟು ಅಂತ ಬಾಯಲ್ಲಿ ಹೇಳುವ ಬದಲು ಎರಡು ದಾರ ಅಳೆದು ಕತ್ತರಿಸಿ ಕೊಡಿ. ಅರ್ಧ ದುಡ್ಡು ಮುಂಗಡ ಕೊಡಿ. ಬಿದಿರು ತರೋಕೆ ಅವರಿಗೆ ಅದು ಬೇಕಾಗುತ್ತದೆ.