ಲಾಯದಿಂದ ಹೊರಗೆ ಮೊದಲ ಹತ್ತು ಹೆಜ್ಜೆ

ಅಡ್ಡಗಂಬಿ ಹಾರುವ ಸ್ಪರ್ಧೆಗೆಂದು ಕುದುರೆ ಕೊಳ್ಳಲು ಹೊರಟ ನಾನು ನೋಡಲು ಹೋದ ಮೊದಲ ಕುದುರೆ, ನಾನು ತಲುಪುವಷ್ಟರಲ್ಲಿ ಆಗಲೇ ಬೆವರಿತ್ತು. ‘ನಿಮ್ಮನ್ನು ಕಾಯಿಸಬಾರದೆಂದು ಸ್ವಲ್ಪ ಓಡಿಸಿಟ್ಟಿದ್ದೇವೆ ಸಾರ್’ ಎಂದರು ಮಾರುವವರು. ಆ ಸೌಜನ್ಯಕ್ಕೆ ಮರುಳಾದೆ. 1 ಮೀಟರ್ ಅಡ್ಡಗಂಬಿಯನ್ನು ಅದು ನಿರಾಯಾಸವಾಗಿ ಹಾರಿತು. ಮುಂಗಡ ಕೊಡಲು ಜೇಬಿಗೆ ಕೈ ಹಾಕಿದ್ದೆ.

ಅದೇನು ತೋಚಿತೋ, ಎರಡು ದಿನ ಬಿಟ್ಟು ಹೇಳದೆ ಕೇಳದೆ ಬೆಳಗ್ಗೆ ಆರಕ್ಕೆ ಹೋದೆ. ಅದೇ ಕುದುರೆ ಲಾಯದಿಂದ ತಲೆ ಆಡಿಸುತ್ತ ಹೊರಬಂತು. ಬಲ ಮುಂಗಾಲು ನೆಲಕ್ಕೆ ತಾಗಿದಾಗಲೆಲ್ಲ ತಲೆ ಮೇಲೇಳುತ್ತಿತ್ತು. ನೋಯುವ ಕಾಲಿನ ಮೇಲೆ ಭಾರ ಬೀಳದಂತೆ ಕುದುರೆ ಹೂಡುವ ಉಪಾಯ ಅದು. ಮೈ ಬಿಸಿಯಾದರೆ ಕೆಲವು ಕುಂಟುಗಳು ಮರೆಯಾಗುತ್ತವೆ, ನೋವಿನ ಔಷಧ ಕೊಟ್ಟರಂತೂ ಕೇಳುವುದೇ ಬೇಡ. ಅಂದಿನಿಂದ ‘ನಾನು ಬರುವವರೆಗೆ ಲಾಯದ ಬಾಗಿಲು ತೆಗೆಯಬೇಡಿ’ ಎಂದು ಮೊದಲೇ ಹೇಳುತ್ತೇನೆ. ಒಪ್ಪದಿದ್ದರೆ ಹೋಗುವುದೇ ಇಲ್ಲ.

ಬೆಂಗಳೂರಿನ ಸುತ್ತ ನನ್ನಂಥವರ ಕೈಗೆಟುಕುವ ಹಾರುವ ಕುದುರೆಯೆಂದರೆ ಹೆಚ್ಚಾಗಿ ರೇಸ್ ಬಿಟ್ಟ ಥರೋಬ್ರೆಡ್, ಅಂದರೆ ರೇಸಿಗೆಂದೇ ಬೆಳೆಸುವ ತಳಿ. ನಮ್ಮ ಊರಿನವರೇ ಆದ ಸವಾರ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಏರಿದ್ದು ಯುರೋಪಿನಲ್ಲಿ ಹುಟ್ಟಿದ ಕುದುರೆ. ಅಂಥದ್ದನ್ನು ತರಿಸುವ ಖರ್ಚಿನಲ್ಲಿ ನಾನು ಮನೆ ಕಟ್ಟಿಸಿಕೊಳ್ಳಬಹುದು. ಆದ್ದರಿಂದ ನನ್ನ ಮೊದಲ ಪ್ರಶ್ನೆ: ಇದು ರೇಸ್ ಬಿಟ್ಟದ್ದೇಕೆ? ‘ನಿಧಾನ’ ಎಂದರೆ ಶುಭ ಸಮಾಚಾರ. ‘ಸ್ವಲ್ಪ ಕಾಲು ಊದಿತ್ತು’ ಎಂದರೆ ಕುಳಿತು ಕಾಲು ಸವರಬೇಕು. ಮುಂಗಾಲಿನ ಮಂಡಿಯ ಕೆಳಗೆ, ಹಿಂಬದಿಯಲ್ಲಿ ಹುರಿಹಗ್ಗದಂತೆ ಇಳಿಯುವ ಟೆಂಡನ್ ಬಿಲ್ಲಿನಂತೆ ಉಬ್ಬಿದ್ದರೆ ಅದು ಹಳೆಯ ಗಾಯ. ಹಾರಿ ಇಳಿಯುವಾಗ ಇಡೀ ಭಾರ ಬೀಳುವುದು ಅಲ್ಲಿಯೇ.

ಎರಡನೆಯದನ್ನು 16.2 ಕೈ ಎತ್ತರ ಎಂದು ಹೇಳಿ ತೋರಿಸಿದರು. ಒಂದು ಕೈ ಎಂದರೆ 4 ಅಂಗುಲ, ಚುಕ್ಕೆಯ ನಂತರದ್ದು ಬಿಡಿ ಅಂಗುಲ; 16 ಕೈ ಮೇಲೆ 2 ಅಂಗುಲ, ಅಂದರೆ 66 ಅಂಗುಲ ಇರಬೇಕಿತ್ತು. ಕುತ್ತಿಗೆ ಮುಗಿದು ಬೆನ್ನು ಆರಂಭವಾಗುವ ಉಬ್ಬಿಗೆ ಟೇಪು ಹಿಡಿದರೆ 63. ಎತ್ತರ ಕಡಿಮೆಯಾಗಿದ್ದಕ್ಕಲ್ಲ, ಅಳೆಯುವ ಮೊದಲೇ ಸುಳ್ಳು ಹೇಳಿದ್ದಕ್ಕೆ ಬಿಟ್ಟು ಬಂದೆ.

ಮೂರನೆಯದು ಕೆಂದು ಬಣ್ಣದ, ಬೀಜ ಒಡೆದ ಗಂಡು. ಅದರ ಪಾಸ್‌ಪೋರ್ಟಿನಲ್ಲಿ, ಅಂದರೆ ಕುದುರೆಯ ಗುರುತಿನ ಪುಸ್ತಕದಲ್ಲಿ, ಆರು ವರ್ಷ. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ಸರಿ, ದುಡ್ಡು ಕೊಟ್ಟು ಕೊಳ್ಳುವಾಗ ಸಂಕೋಚವೇಕೆ? ಬಾಯಿ ತೆರೆಸಿ ನೋಡಿದೆ, ಹಲ್ಲು ಆ ವಯಸ್ಸಿಗೆ ಹೊಂದಿತು. ಜೊತೆಗೆ ಬಂದಿದ್ದ ಮಾವ ಹಣೆಯ ಸುಳಿಯನ್ನೇ ದಿಟ್ಟಿಸುತ್ತ ನಿಂತರು. ನನಗೆ ಸುಳಿಯಲ್ಲಿ ನಂಬಿಕೆಯಿಲ್ಲ. ಅವರು ತಲೆಯಾಡಿಸಿದ್ದರಿಂದ ಮನೆಯಲ್ಲಿ ಜಗಳ ತಪ್ಪಿತು.

ಸವಾರನಿಲ್ಲದೆ ಹಾರಿಸಿ ಎಂದೆ. 70 ಸೆಂಟಿಮೀಟರಿನ ಕಂಬಿಯನ್ನು ಮುಂಗಾಲಿನಿಂದ ತಟ್ಟಿ ಬೀಳಿಸಿತು. ಮಾರುವವರ ಮುಖ ಬಾಡಿತು. ನಾನು ಕಾದಿದ್ದು ಮುಂದಿನ ಜಿಗಿತಕ್ಕೆ. ಎರಡನೆಯ ಸಲ ಅದು ಕಂಬಿಯನ್ನು ದೂರದಿಂದಲೇ ಕಿವಿ ನಿಮಿರಿಸಿ ನೋಡಿತು, ಮಂಡಿಗಳನ್ನು ಎದೆಗೆ ಎಳೆದುಕೊಂಡು ಒಂದಡಿ ಹೆಚ್ಚಾಗಿಯೇ ಹಾರಿತು. ಸ್ಪರ್ಧೆಯಲ್ಲಿ ಒಂದು ಕಂಬಿ ಬಿದ್ದರೆ 4 ದಂಡಾಂಕ. ತಟ್ಟಿದ್ದನ್ನು ನೆನಪಿಡುವ ಕುದುರೆ ಬೇಕು, ಎತ್ತರವನ್ನು ಆಮೇಲೆ ಕಲಿಸಬಹುದು.

ವೈದ್ಯರನ್ನು ನಾನೇ ಕರೆತಂದೆ, ಮಾರುವವರ ಪರಿಚಯದವರನ್ನಲ್ಲ. ಅಡಗಿದ ಕುಂಟು ಹೊರಬೀಳಲೆಂದು ಒಂದೊಂದೇ ಕಾಲನ್ನು ಒಂದು ನಿಮಿಷ ಮಡಚಿ ಹಿಡಿದು ಕೂಡಲೇ ಓಡಿಸಿ ನೋಡಿದರು, ಗೊರಸಿನ ಎಕ್ಸ್-ರೇ ತೆಗೆದರು, ಗ್ಲ್ಯಾಂಡರ್ಸ್ ಪರೀಕ್ಷೆಗೆ ರಕ್ತ ಕಳಿಸಿದರು. ಮನುಷ್ಯರಿಗೂ ಹರಡುವ ಕಾಯಿಲೆ ಅದು. ವರದಿ ಬರುವವರೆಗೆ ಹಣ ಕೊಡಲಿಲ್ಲ. ಮೂರೂವರೆ ಲಕ್ಷ ಎಂದದ್ದು ಎರಡೂಮುಕ್ಕಾಲಿಗೆ ಇಳಿಯಿತು. ಹುರುಳಿ, ಹುಲ್ಲು, ಲಾಳ, ಕುದುರೆ ನೋಡಿಕೊಳ್ಳುವ ಸೈಸನ ಸಂಬಳ ಎಂದು ಅದು ಪ್ರತಿ ತಿಂಗಳು ತಿನ್ನುವುದರ ಎದುರು ಈ ಚೌಕಾಸಿ ಏನೂ ಅಲ್ಲ.

ಲಾರಿಗೆ ಹತ್ತಿಸುವ ಮುನ್ನ ಮಾರಿದವರು ಕತ್ತಿನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ‘ಕುದುರೆ ನಿಮ್ಮದು, ಹಗ್ಗ ನಮ್ಮದು ಸಾರ್.’ ನಾನು ಹಗ್ಗ ತಂದಿರಲಿಲ್ಲ. ಮಾವ ಲಾರಿಯ ಟಾರ್ಪಾಲಿನ ಹಗ್ಗ ಬಿಚ್ಚತೊಡಗಿದರು.