ಹಬ್ಬ ಮೊದಲು, ದುಡ್ಡು ಆಮೇಲೆ: ಸಾಲ ಮೈಮೇಲೆ ಎಳೆದುಕೊಳ್ಳದೆ ಚೌತಿ, ದೀಪಾವಳಿ ಮಾಡುವುದು ಹೇಗೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಬ್ಬ ದುಡ್ಡಿಗಿಂತ ಮುಂಚೆ ಬರುತ್ತದೆ. ಕಾರವಾರದಿಂದ ಭಟ್ಕಳದವರೆಗೆ ಯಾಂತ್ರಿಕ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್‌ನಲ್ಲಿ ಬೋಟು ಹೊರಟು, ಬಲೆ, ಡೀಸೆಲ್ ಬಾಕಿ ತೀರುವಷ್ಟರಲ್ಲಿ ಚೌತಿ ಬಂದೇ ಬಿಟ್ಟಿರುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲು ಬಿರುಸಾಗುವುದೇ ದೀಪಾವಳಿಯ ನಂತರ. ಚಾಲಿ, ಅಂದರೆ ಬಿಸಿಲಿಗೆ ಹಾಕಿದ ಹಣ್ಣಡಿಕೆ, ಒಣಗಿ, ಸುಲಿದು, ಮಾರಾಟಕ್ಕೆ ಹೋಗುವ ಹೊತ್ತಿಗೆ ಸಂಕ್ರಾಂತಿ ದಾಟಿರುತ್ತದೆ. ಚೌತಿ, ನವರಾತ್ರಿ, ದೊಡ್ಡಹಬ್ಬ ಎನ್ನುವ ದೀಪಾವಳಿ ಎಲ್ಲವೂ ಕೈ ಖಾಲಿ ಇರುವ ತಿಂಗಳುಗಳಲ್ಲೇ. ದುಂದು ಮಾಡಿ ಸಾಲಗಾರರಾದವರಿಗಿಂತ ಈ ತಿಂಗಳುಗಳ ಲೆಕ್ಕ ತಪ್ಪಿ ಸಾಲಕ್ಕೆ ಬಿದ್ದವರನ್ನೇ ನಾನು ಹೆಚ್ಚು ನೋಡಿದ್ದೇನೆ.

ಮೊದಲ ಕೆಲಸ: ಹೋದ ವರ್ಷದ ಖರ್ಚಿನ ಚೀಟಿ

ಹೋದ ವರ್ಷದ ಹಬ್ಬಕ್ಕೆ ಎಷ್ಟು ಹೋಯಿತು ಎಂದು ಮನೆಯವರೆಲ್ಲ ಕೂತು ಬರೆಯಿರಿ. ನಮ್ಮ ಮನೆಯ ಪಟ್ಟಿಯಲ್ಲಿ ಹಾಳೆಯ ಮುಂಭಾಗದಲ್ಲಿ ಇದ್ದದ್ದು ಗಣಪತಿ ಮೂರ್ತಿ, ಎಣ್ಣೆ, ಬೆಲ್ಲ, ಹೂವು, ಭಟ್ಟರ ದಕ್ಷಿಣೆ, ಪಟಾಕಿ. ನೆನಪಾದಂತೆಲ್ಲ ಹಿಂಭಾಗದಲ್ಲಿ ಬರೆಯುತ್ತಾ ಹೋದೆವು: ಬೆಂಗಳೂರಿನಿಂದ ಬಂದವರನ್ನು ಕರೆತರಲು ಕಾರು ಬಾಡಿಗೆ, ಬಾಗಿನಕ್ಕೆ ಹತ್ತು ರವಿಕೆ ಕಣ, ಮಕ್ಕಳಿಗೆ ಎರಡನೇ ಜೊತೆ ಬಟ್ಟೆ, ಹೊರಡುವವರಿಗೆ ಕಟ್ಟಿಕೊಟ್ಟ ತಿಂಡಿ. ಕೂಡಿಸಿ ನೋಡಿದರೆ ಹಿಂಭಾಗದ ಮೊತ್ತವೇ ಜಾಸ್ತಿ. ಈ ಹಿಂಭಾಗದ ಖರ್ಚು ಯಾರ ತಲೆಯಲ್ಲೂ ಇರುವುದಿಲ್ಲ. ಸಾಲ ಆಗುವುದು ಅಲ್ಲಿಯೇ.

ಶಿರಸಿಯವರು ಇನ್ನೊಂದು ಸಾಲು ಸೇರಿಸಬೇಕು. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷ ಮನೆ ತುಂಬ ನೆಂಟರು, ಖರ್ಚೂ ಹಾಗೇ.

ಆಮೇಲೆ: ದುಡ್ಡು ಇರುವಾಗ ಹಬ್ಬದ ಪಾಲು ತೆಗೆದಿಡಿ

ದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಉಳಿತಾಯ ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು, 1928ರಲ್ಲಿ. ಇವತ್ತಿಗೂ ಸೊಸೈಟಿಯ ಪಿಗ್ಮಿಯವರು ಅಂಗಡಿ ಬಾಗಿಲಿಗೆ ಬರುತ್ತಾರೆ. ವರ್ಷದ 365 ದಿನದಲ್ಲಿ ಬೋಟು ನಿಂತ 61 ದಿನ ಕಳೆದರೆ 304 ದಿನ. ದಿನಕ್ಕೆ 50 ರೂಪಾಯಿ ಎಂದರೂ 15,000 ರೂಪಾಯಿ ದಾಟುತ್ತದೆ. ಅವಧಿಗೆ ಮುಂಚೆ ಒಡೆದರೆ ಬಡ್ಡಿ ಕಡಿತವಾಗಬಹುದು. ಹಾಗಾಗಿ ಚೌತಿಗೆ ಒಂದು ತಿಂಗಳು ಮೊದಲು ಮುಗಿಯುವ ಹಾಗೆ ಶುರು ಮಾಡಿ. ತೋಟದವರಾದರೆ ಅಡಿಕೆ ಮಾರಿದ ದಿನವೇ ಹಬ್ಬದ ಪಾಲನ್ನು ಆರೆಂಟು ತಿಂಗಳ ಠೇವಣಿಗೆ ಹಾಕಿಬಿಡಿ. ಉಳಿತಾಯ ಖಾತೆಯಲ್ಲಿ ಬಿಟ್ಟ ದುಡ್ಡು ಮಳೆಗಾಲ ದಾಟುವುದಿಲ್ಲ.

ಕೊಳ್ಳದೆ ಆಗುವುದನ್ನು ಕೊಳ್ಳಬೇಡಿ

ಘಟ್ಟದ ಮೇಲಿನ ಊರುಗಳಲ್ಲಿ ಊರವರೆಲ್ಲ ಕೂಡಿ ಚಕ್ಕುಲಿ ಮಾಡುವ ಚಕ್ಕುಲಿ ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವತ್ತು ಈ ಮನೆ, ನಾಳೆ ಆ ಮನೆ. ಹಿಟ್ಟು, ಎಣ್ಣೆ ಮನೆಯವರದು, ಕೈ ಊರಿನವರದು. ಹದವಾದ ಹಿಟ್ಟನ್ನು ಬೆರಳ ತುದಿಯಲ್ಲಿ ಹುರಿ ಹೊಸೆದಂತೆ ತಿರುವುತ್ತಾ ಸುತ್ತು ಹಾಕುವವರು ನಾಲ್ಕು ಜನ, ಕರಿಯುವವರು ಇಬ್ಬರು. ಸಂಜೆಗೆ ಡಬ್ಬ ತುಂಬಿರುತ್ತದೆ, ಕೂಲಿ ಲೆಕ್ಕವಿಲ್ಲ. ಪೇಟೆಯಿಂದ ಕಿಲೋ ಲೆಕ್ಕದಲ್ಲಿ ತಂದ ಚಕ್ಕುಲಿಗೆ ಆ ಗರಿಯೂ ಇಲ್ಲ. ಗಣಪತಿಗೆ ಕಟ್ಟುವ ಹಣ್ಣು-ಕಾಯಿಗಳ ಅಲಂಕಾರ, ಫಲಾವಳಿಯೂ ಹಾಗೆಯೇ. ಅಡಿಕೆ ಗೊನೆ, ಸಿಂಗಾರ, ಮೊಗೆಕಾಯಿ, ಹಾಗಲ, ಬೇಲಿಯ ಗೌರಿ ಹೂ ನಿಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯ ಹಿತ್ತಲಲ್ಲಿ ಇರುತ್ತವೆ. ಕೇಳಲು ಸಂಕೋಚ ಬೇಡ, ನಿಮ್ಮ ಹಿತ್ತಲಿನದನ್ನು ಅವರಿಗೂ ಕೊಡಿ.

ಸಾಲ ಮಾಡಲೇಬೇಕಾದರೆ

ಅಂಗಡಿಯಲ್ಲಿ ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯಿಲ್ಲದ ಕಂತು ಎಂದು ಹೇಳಿದರೆ ಒಂದೇ ಪ್ರಶ್ನೆ ಕೇಳಿ: ‘ಪೂರ್ತಿ ನಗದು ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?’ ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಿಮಗೆ ಕೈತಪ್ಪುವ ನಗದು ರಿಯಾಯಿತಿಯಲ್ಲೋ ಪ್ರೊಸೆಸಿಂಗ್ ಶುಲ್ಕದಲ್ಲೋ ಬಡ್ಡಿ ಅಡಗಿರುತ್ತದೆ.

ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಪಾವತಿ’ ಇನ್ನೂ ಅಪಾಯ. ಬಿಲ್ 30,000 ರೂಪಾಯಿ, ನೀವು ಕಟ್ಟಿದ್ದು ಶೇ 5, ಅಂದರೆ 1,500 ಎಂದುಕೊಳ್ಳಿ. ತಿಂಗಳಿಗೆ ಶೇ 3.5ರಂತೆ ಬಡ್ಡಿಯೇ ಸುಮಾರು 1,050. ಅದರ ಮೇಲೆ ಶೇ 18 ಜಿಎಸ್‌ಟಿ 189. ಅಸಲಿಗೆ ಹೋದದ್ದು ಬರೀ 261 ರೂಪಾಯಿ. ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ.

‘ವರ್ಷಕ್ಕೆ ಶೇ 12 ಫ್ಲಾಟ್’ ಎಂದರೂ ನಿಂತು ಯೋಚಿಸಿ. ಅಸಲು ತಿಂಗಳು ತಿಂಗಳು ಇಳಿದರೂ ಬಡ್ಡಿ ಮೊದಲಿನ ಮೊತ್ತಕ್ಕೇ ಹಾಕುತ್ತಾರೆ. ಹನ್ನೆರಡು ಕಂತಿನ ಸಾಲದಲ್ಲಿ ಅದು ನಿಜವಾಗಿ ಶೇ 21ರ ಆಸುಪಾಸು. ಇದಕ್ಕಿಂತ ಸೊಸೈಟಿಯಲ್ಲಿರುವ ನಿಮ್ಮದೇ ಠೇವಣಿಯ ಮೇಲಿನ ಸಾಲ ಅಥವಾ ಸ್ವಸಹಾಯ ಸಂಘದ ಸಾಲವನ್ನು ಮೊದಲು ವಿಚಾರಿಸಿ. ತೀರಿಸುವ ತಿಂಗಳನ್ನು ಮಾತ್ರ ನಿಮ್ಮ ಆದಾಯ ನೋಡಿ ಗೊತ್ತುಮಾಡಿ.

ಈಗಾಗಲೇ ಸಾಲ ಆಗಿದ್ದರೆ

ಕಂತು ತಪ್ಪುವ ಮೊದಲೇ ಹೋಗಿ ಮಾತಾಡಿ. ತಪ್ಪಿದ ಮೇಲೆ ಹೋದವರಿಗೆ ಸಿಗುವ ದಾರಿಗಳು ಕಡಿಮೆ. ಮೈಕ್ರೋ ಫೈನಾನ್ಸ್ ಸಾಲದಲ್ಲಿ ಎಲ್ಲ ಕಂತುಗಳೂ ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು, ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಬಾರದು. ಇದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಕಿರುಕುಳ ಕೊಟ್ಟರೆ ಪೊಲೀಸರಿಗೆ ದೂರು ಕೊಡಿ. ಅದಕ್ಕೆಂದೇ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಮರ್ಯಾದೆಗೆ ಅಂಜಿ ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ ಎತ್ತಬೇಡಿ. ಮನೆಯವರಿಗೆ ಮುಚ್ಚಿಡಲೂ ಬೇಡಿ. ಅಡಿಕೆಯದ್ದೋ ಮೀನಿನದ್ದೋ ಮೊದಲ ದುಡ್ಡು ಕೈಗೆ ಬಂದ ದಿನ, ಹೆಚ್ಚು ಬಡ್ಡಿಯ ಸಾಲ ಯಾವುದೋ ಅದಕ್ಕೆ ಮೊದಲು ಕಟ್ಟಿ, ಅಲ್ಲಿಂದ ಬರುವಾಗಲೇ ಮುಂದಿನ ಚೌತಿಯ ಪಿಗ್ಮಿ ಶುರು ಮಾಡಿ ಬನ್ನಿ.