ಸೋತದ್ದು ನಟಿಯೋ, ಬರವಣಿಗೆಯೋ: ಪತ್ತೇದಾರಿ ಸರಣಿಯೊಂದನ್ನು ಪರೀಕ್ಷಿಸುವ ಬಗೆ

ಪತ್ತೇದಾರಿ ಸರಣಿಯ ಮುಖ್ಯ ಪಾತ್ರಕ್ಕೆ ಬೇರೆ ನಟಿ ಬಂದ ಮೇಲೆ ಕಥೆ ಸಪ್ಪೆಯಾಯಿತೆನ್ನಿಸಿದರೆ ನಾವು ಮೊದಲು ಬೊಟ್ಟು ಮಾಡುವುದು ಹೊಸ ಮುಖದತ್ತ. ಆದರೆ ಬರವಣಿಗೆಯ ಕೊರತೆಯೂ ಅದೇ ಮುಖದ ಮೂಲಕವೇ ತೆರೆಯ ಮೇಲೆ ಕಾಣುವುದರಿಂದ, ವಿಮರ್ಶೆ ಬರೆಯುವ ಮುನ್ನ ಇವೆರಡನ್ನೂ ಬಿಡಿಸಿ ನೋಡಬೇಕು.

ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 2004ರಿಂದ 2013ರವರೆಗೆ ಬಂದ, ಹಳ್ಳಿಯ ಹಿರಿಯ ಮಹಿಳೆಯೊಬ್ಬರು ಕೊಲೆಗಳ ಗುಟ್ಟು ಬಿಡಿಸುವ ಮಿಸ್ ಮಾರ್ಪಲ್ ಸರಣಿ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ಮೂರು ಸೀಸನ್‌ಗಳಲ್ಲಿ ಜೆರಾಲ್ಡೀನ್ ಮೆಕ್‌ಯೂವನ್ ನಟಿಸಿದರು. ನಾಲ್ಕನೆಯದರಿಂದ ಆ ಪಾತ್ರ ಜೂಲಿಯಾ ಮೆಕೆಂಜಿಯವರ ಪಾಲಿಗೆ ಬಂತು. ಮಾರ್ಪಲ್ ಪಾತ್ರವನ್ನು ಸೃಷ್ಟಿಸಿದ ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿ ಆಕೆಯ ಕುರಿತು ಬರೆದ ಕಾದಂಬರಿಗಳು 12 ಮಾತ್ರ. ಐಟಿವಿಯವರು ಅಷ್ಟಕ್ಕೇ ನಿಲ್ಲದೆ, ಲೇಖಕಿಯ ಬೇರೆ ಕಾದಂಬರಿಗಳೊಳಕ್ಕೂ ಮಾರ್ಪಲ್‌ರನ್ನು ಕರೆತಂದರು.

ಹಾಗಾಗಿ ಒಂದು ಹಾಳೆಯಲ್ಲಿ ನಾಲ್ಕು ಮನೆಗಳ ಚೌಕ ಬರೆದುಕೊಳ್ಳಿ. ಎಡಗಡೆ ಮೆಕ್‌ಯೂವನ್, ಬಲಗಡೆ ಮೆಕೆಂಜಿ. ಮೇಲಿನ ಸಾಲಿನಲ್ಲಿ ಮಾರ್ಪಲ್‌ರದೇ ಕಥೆಗಳು, ಕೆಳಗೆ ಅವರನ್ನು ಹೊರಗಿನಿಂದ ಸೇರಿಸಿದ ಕಥೆಗಳು. ಮೇಲೆ ‘ದಿ ಬಾಡಿ ಇನ್ ದಿ ಲೈಬ್ರರಿ’ ಮತ್ತು ‘ಎ ಪಾಕೆಟ್ ಫುಲ್ ಆಫ್ ರೈ’ ಕೂರುತ್ತವೆ; ಕೆಳಗೆ ‘ದಿ ಸಿಟಾಫರ್ಡ್ ಮಿಸ್ಟರಿ’ ಮತ್ತು ‘ಮರ್ಡರ್ ಈಸ್ ಈಸಿ’. ಹೊಸ ನಟಿಯೇ ಕಾರಣವಾಗಿದ್ದರೆ ಬಲಗಡೆಯ ಎರಡೂ ಮನೆಗಳು ಸೋಲಬೇಕು. ಬರವಣಿಗೆ ಕಾರಣವಾಗಿದ್ದರೆ ಕೆಳಗಿನ ಎರಡೂ ಸೋಲಬೇಕು. ನನ್ನ ಲೆಕ್ಕದಲ್ಲಿ ಸೋಲುವುದು ಕೆಳಗಿನ ಸಾಲು. ಮೇಲಿನ ಸಾಲೂ ಪೂರ್ತಿ ನಿಷ್ಕಳಂಕವಲ್ಲ: ಮೆಕ್‌ಯೂವನ್ ಕಾಲದ ‘ಬಾಡಿ’ಯಲ್ಲಿ ಕೊಲೆಯ ಸಂಚಿನಲ್ಲಿ ಭಾಗಿಯಾದವರನ್ನೇ ಬದಲಿಸಿದ್ದಾರೆ, ಮೆಕೆಂಜಿಯವರ ‘ರೈ’ ಮಾತ್ರ ಮೂಲಕ್ಕೆ ಬಹುಮಟ್ಟಿಗೆ ನಿಷ್ಠವಾಗಿದೆ.

ನೋಡುವಾಗ ನೋಟ್‌ಬುಕ್ಕಿನಲ್ಲಿ ಎರಡು ಕಲಂ ಇರಲಿ: ಒಂದರಲ್ಲಿ ಸುಳಿವು ಮತ್ತು ಅದು ಕಂಡ ನಿಮಿಷ, ಇನ್ನೊಂದರಲ್ಲಿ ಅದನ್ನು ಹೊರತೆಗೆದವರ ಹೆಸರು. ಉದಾಹರಣೆಗೆ, ‘22ನೇ ನಿಮಿಷ, ಅಡುಗೆಯವಳ ಕೈಯಲ್ಲಿ ಒದ್ದೆ ಛತ್ರಿ, ಇನ್‌ಸ್ಪೆಕ್ಟರ್’ ಎಂದಷ್ಟು ಬರೆದರೆ ಸಾಕು. ಕೊನೆಗೆ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಕೊಲೆಗಾರನನ್ನು ಬಯಲಿಗೆಳೆಯುವಾಗ, ಬಳಕೆಗೆ ಬಂದ ಪ್ರತಿ ಸುಳಿವಿಗೂ ಗುರುತು ಹಾಕಿ. ಪಟ್ಟಿಯಲ್ಲೇ ಇರದ ಸುಳಿವೊಂದರಿಂದ ಗುಟ್ಟು ಬಿಚ್ಚಿಕೊಂಡರೆ ಅದು ಬರೆದವರ ತಪ್ಪು. ಎರಡನೆಯ ಕಲಮಿನಲ್ಲಿ ಬೇರೆಯವರ ಹೆಸರುಗಳೇ ತುಂಬಿದ್ದರೆ, ಪತ್ತೇದಾರಳು ಕಥೆಯಲ್ಲಿ ಕೇವಲ ಅತಿಥಿ ಎಂದರ್ಥ. 1931ರ ‘ಸಿಟಾಫರ್ಡ್’ ಕಾದಂಬರಿಯಲ್ಲಿ ತನಿಖೆಗೆ ಇಳಿಯುವವಳು ಎಮಿಲಿ ಟ್ರೆಫ್ಯೂಸಿಸ್. 1939ರ ‘ಮರ್ಡರ್ ಈಸ್ ಈಸಿ’ಯಲ್ಲಿ ಲ್ಯೂಕ್ ಫಿಟ್ಸ್‌ವಿಲಿಯಂ. ಅವರ ಕೆಲಸವನ್ನು ಕಸಿದು ಅಥವಾ ಹಂಚಿ ಮಾರ್ಪಲ್‌ಗೆ ಜಾಗ ಮಾಡಿಕೊಡಬೇಕಾದ ಕಡೆ, ನಟಿ ಎಷ್ಟೇ ಸಮರ್ಥರಾದರೂ ಪಾತ್ರಕ್ಕೆ ಬೇರು ಇಳಿಯುವುದಿಲ್ಲ.

ಮೂಲ ಪುಸ್ತಕಗಳನ್ನು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಬಹುದು. ಎಪಿಸೋಡ್ ಮೊದಲು, ಪುಸ್ತಕ ಆಮೇಲೆ.

ನಟನೆಯನ್ನು ಅಳೆಯಬೇಕಾದರೆ ಪತ್ತೇದಾರಳು ಮಾತಾಡುವ ದೃಶ್ಯಗಳನ್ನು ಬಿಟ್ಟು, ಕೇಳಿಸಿಕೊಳ್ಳುವ ದೃಶ್ಯಗಳನ್ನು ಆರಿಸಿಕೊಳ್ಳಿ. ಸಾಕ್ಷಿ ಸುಳ್ಳು ಹೇಳುತ್ತಿರುವಾಗ ಆಕೆಯ ಕಣ್ಣಿನಲ್ಲಿ ಏನಾದರೂ ನಡೆಯುತ್ತಿದೆಯೇ, ಅಥವಾ ತನ್ನ ಸರದಿಗೆ ಕಾಯುತ್ತಿದ್ದಾಳೆಯೇ? ಮೆಕ್‌ಯೂವನ್ ಅವರದು ತುಂಟತನ ಮಿನುಗುವ ಮಾರ್ಪಲ್, ಮೆಕೆಂಜಿಯವರದು ಶಾಂತ ಸ್ವಭಾವದ ಮಾರ್ಪಲ್. ಇವುಗಳಲ್ಲಿ ಒಂದು ಹಿಡಿಸದಿರುವುದು ಅಭಿರುಚಿಯ ಮಾತು, ದೋಷದ ಮಾತಲ್ಲ. ರವೀಂದ್ರ ಕಲಾಕ್ಷೇತ್ರದಲ್ಲಿ ಒಂದೇ ಪಾತ್ರವನ್ನು ವರ್ಷಕ್ಕೊಬ್ಬರು ಮಾಡಿದರೂ ತಕರಾರಿಲ್ಲದೆ ನೋಡುವ ನಾವು, ಟಿವಿಯ ಮುಂದೆ ಮಾತ್ರ ಯಾಕೋ ಹಟಮಾರಿಗಳಾಗುತ್ತೇವೆ.

ಈ ಚೌಕ ಎಲ್ಲ ಸರಣಿಗಳಿಗೂ ಒಗ್ಗುವುದಿಲ್ಲ. ಬ್ರಿಟನ್ನಿನದೇ ಇನ್ನೊಂದು ಪತ್ತೇದಾರಿ ಸರಣಿ ‘ಮಿಡ್ಸಮರ್ ಮರ್ಡರ್ಸ್’ನಲ್ಲಿ ಪತ್ತೇದಾರ ಬಾರ್ನಬಿಯ ಪಾತ್ರ ಮಾಡುತ್ತಿದ್ದ ಜಾನ್ ನೆಟಲ್ಸ್ 2011ರಲ್ಲಿ ಹೊರನಡೆದಾಗ, ನೀಲ್ ಡಡ್ಜನ್ ಅದೇ ಪಾತ್ರವನ್ನು ವಹಿಸಿಕೊಳ್ಳಲಿಲ್ಲ, ಹಳೆಯ ಬಾರ್ನಬಿಯ ದಾಯಾದಿ ಸೋದರನಾಗಿ, ಅದೇ ಮನೆತನದ ಹೆಸರಿನಲ್ಲಿ ಬಂದರು. ಅಂಥ ಕಡೆ ನಟನ ಜೊತೆಗೆ ಪಾತ್ರವೇ ಬದಲಾಗಿರುವುದರಿಂದ, ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕದೆ ನೋಟ್‌ಬುಕ್ಕಿನ ಎರಡು ಕಲಂಗಳನ್ನು ಮಾತ್ರ ಬಳಸಿ.